ಹಳೆಯ ವಾಲ್ವ್ ರೇಡಿಯೋ: ಕಂಡೆನ್ಸರ್ ಎಲ್ಲವನ್ನೂ ಬದಲಿಸಬೇಕೇ?

ಪ್ರಶ್ನೆ: ನಮ್ಮದು ಮಲೆನಾಡಿನ ಸಾಗರ ಪೇಟೆಯ ಹತ್ತಿರದ ಹಳ್ಳಿ. ಅಜ್ಜ ಕೊಂಡಿದ್ದ ಫಿಲಿಪ್ಸ್ ವಾಲ್ವ್ ರೇಡಿಯೋ ಅಟ್ಟದಿಂದ ಇಳಿಸಿದ್ದೇನೆ. ಹಿಂದಿನ ರಟ್ಟು ಬಿಚ್ಚಿದರೆ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80 ಎಂಬ ವಾಲ್ವ್‌ಗಳಿವೆ. ಹಾಕಿ ನೋಡಿದೆವು. ಸ್ಟೇಷನ್ ಬರುತ್ತದೆ, ಆದರೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಸ್ವಲ್ಪ ಹೊತ್ತು ಕಾದ ಮೇಲೆ ದನಿ ಒಡೆಯುತ್ತದೆ. ಪೇಟೆಯ ರಿಪೇರಿಯವರು ‘ಕಂಡೆನ್ಸರ್ ಎಲ್ಲ ತೆಗೆದು ಹೊಸದು ಹಾಕಬೇಕು’ ಅಂದರು. ನಮ್ಮ ಚಿಕ್ಕಪ್ಪ ‘ಮೂಲದ ಮಾಲಿಗೆ ಕೈ ಹಚ್ಚಬೇಡ, ಹಾಳಾದದ್ದನ್ನಷ್ಟೇ ಬದಲಿಸು’ ಅನ್ನುತ್ತಾರೆ. ಮಲ್ಟಿಮೀಟರ್ ಹಿಡಿದು ನೋಡಿದೆ, ಒಂದೂ ಶಾರ್ಟ್ ಆಗಿಲ್ಲ. ಯಾರ ಮಾತು ಕೇಳಲಿ? ಹಳೆಯದರ ಮೇಲೆ 0.05, 50+50 ಅಂತೆಲ್ಲ ಇದೆ, ಅಂಥವು ಅಂಗಡಿಯಲ್ಲಿ ಸಿಗುವುದೂ ಇಲ್ಲ.

ಉತ್ತರ: ಮೊದಲು ಆ ಪ್ಲಗ್ ತೆಗೆದಿಡಿ. ಇದನ್ನು ಓದಿ ಮುಗಿಸುವ ತನಕ ಮತ್ತೆ ಹಾಕಬೇಡಿ. ನೀವು ಹೇಳಿದ ಎರಡು ಲಕ್ಷಣಗಳಲ್ಲಿ ಗುಂಯ್ ಸದ್ದು ಅಷ್ಟೇನೂ ಗಾಬರಿಯದ್ದಲ್ಲ. ಕಾದ ಮೇಲೆ ದನಿ ಒಡೆಯುತ್ತದೆ ಅಂದಿರಲ್ಲ, ಅದು ಕೆಟ್ಟ ಸೂಚನೆ. ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ (ನಿಮ್ಮಲ್ಲಿ ಇಎಲ್84) ತನ್ನ ಮಿತಿ ಮೀರಿ ಕರೆಂಟ್ ಎಳೆಯುತ್ತಿರಬಹುದು. ಹಾಗಿದ್ದರೆ ಆ ವಾಲ್ವೂ ಅದನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಎರಡೂ ಅಪಾಯದಲ್ಲಿವೆ. ಕಂಡೆನ್ಸರ್ (ಕೆಪ್ಯಾಸಿಟರ್), ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಪುಟ್ಟ ತುಂಡು, ಕೆಲವೇ ರೂಪಾಯಿಯ ಮಾಲು. ಆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಯಾರನ್ನಾದರೂ ಹುಡುಕಿ ಕೈಯಲ್ಲಿ ಸುತ್ತಿಸಬೇಕು.

ನಿಮ್ಮ ರಿಪೇರಿಯವರದೂ ಪೂರ್ತಿ ಸರಿಯಲ್ಲ, ಚಿಕ್ಕಪ್ಪನವರದೂ ಅಲ್ಲ. ಎಲ್ಲ ಕಂಡೆನ್ಸರ್ ಕಿತ್ತರೆ ಇನ್ನೂ ನೂರು ವರ್ಷ ಬಾಳುವ ಮೈಕಾ, ಸಿರಾಮಿಕ್ ತುಂಡುಗಳೂ ಹೋಗುತ್ತವೆ, ಟ್ಯೂನಿಂಗ್ ಕೆಡುತ್ತದೆ. ಹಾಳಾದದ್ದನ್ನಷ್ಟೇ ಬದಲಿಸೋಣ ಅಂದರೆ, ಅದು ಹಾಳಾಗಿದೆ ಅಂತ ಗೊತ್ತಾಗುವುದೇ ಬೇರೆ ಏನಾದರೂ ಸುಟ್ಟ ಮೇಲೆ. ಆದ್ದರಿಂದ ನನ್ನ ಲೆಕ್ಕ ಬೇರೆ: ಈ ಕಂಡೆನ್ಸರ್ ಯಾವ ಜಾಗದಲ್ಲಿ ಕೂತಿದೆ, ಅದು ಸ್ವಲ್ಪ ಸೋರಿದರೂ, ಅಂದರೆ ತಡೆಯಬೇಕಾದ ಕರೆಂಟನ್ನು ತುಸು ಬಿಟ್ಟರೂ, ಏನು ಸುಡುತ್ತದೆ ಅಂತ ಕೇಳಿಕೊಳ್ಳಿ. ಬೆಲೆಯುಳ್ಳದ್ದೇನಾದರೂ ಸುಡುವ ಹಾಗಿದ್ದರೆ, ಮೀಟರ್ ಏನೇ ಹೇಳಲಿ, ಅದನ್ನು ಬದಲಿಸಿ. ಏನೂ ಸುಡದು ಅನ್ನುವಂತಿದ್ದರೆ ಅದರ ಪಾಡಿಗೆ ಬಿಡಿ.

ನಿಮ್ಮ ಸೆಟ್‌ನಲ್ಲಿ ನನ್ನ ಮೊದಲ ಅನುಮಾನ ಒಂದೇ ಒಂದು ಕಂಡೆನ್ಸರ್ ಮೇಲೆ. ಇಬಿಸಿ81ರ ಆನೋಡಿನಿಂದ (ವಾಲ್ವಿನಿಂದ ದನಿ ಹೊರಬರುವ, ಹೆಚ್ಚು ವೋಲ್ಟೇಜಿನ ಕಡೆ) ಇಎಲ್84ರ ಗ್ರಿಡ್‌ಗೆ (ದನಿ ಒಳಹೋಗುವ ಕಡೆ), ಅಂದರೆ ಎರಡನೇ ಪಿನ್ನಿಗೆ, ದನಿಯನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಅದು. ಸಾಮಾನ್ಯವಾಗಿ 0.01 ಅಥವಾ 0.02 ಮೈಕ್ರೊಫ್ಯಾರಡ್ ಇರುತ್ತದೆ. ಒಂದು ಕಾಲಿನ ಮೇಲೆ ಸುಮಾರು 90 ವೋಲ್ಟ್ ಡಿಸಿ, ಇನ್ನೊಂದರ ಮೇಲೆ ಸೊನ್ನೆ ಇರಬೇಕು. ದನಿಯನ್ನು ಬಿಟ್ಟು ಡಿಸಿಯನ್ನು ತಡೆಯುವುದೇ ಅದರ ಕೆಲಸ. ಒಳಗಿರುವುದು ಮೇಣ ಹಚ್ಚಿದ ಕಾಗದ. ನಿಮ್ಮ ಕಡೆಯ ಮಳೆಗಾಲಗಳನ್ನು ಅಷ್ಟೊಂದು ಕಂಡ ಕಾಗದ ತೇವ ಹೀರದೆ ಇರುತ್ತದೆಯೇ? ಅದರ ರೋಧ 20 ಮೆಗಾಓಮ್‌ಗೆ ಇಳಿದಿದೆ ಅಂತಲೇ ಇಟ್ಟುಕೊಳ್ಳಿ. ಮನೆಯಲ್ಲಿರುವ ಮಲ್ಟಿಮೀಟರಿಗೆ ಇದು ಹೆಚ್ಚೂಕಡಿಮೆ ಓಪನ್ ಸರ್ಕ್ಯೂಟ್. ಎಷ್ಟೋ ಮೀಟರ್‌ಗಳ ಕೊನೆಯ ರೇಂಜೇ ಅಷ್ಟು. ಅದಲ್ಲದೆ ಮೀಟರ್ ಪರೀಕ್ಷಿಸುವುದು ಒಂದೆರಡು ವೋಲ್ಟಿನಲ್ಲಿ. ಹಳೆಯ ಕಾಗದ ಒಂದೆರಡು ವೋಲ್ಟಿಗೆ ಸುಮ್ಮನಿದ್ದು 90 ವೋಲ್ಟಿಗೆ ಸೋರುವುದು ಮಾಮೂಲು.

ಈಗ ಲೆಕ್ಕ ಹಾಕಿ. ಗ್ರಿಡ್‌ನಿಂದ ಚಾಸಿಗೆ, ಅಂದರೆ ಎಲ್ಲ ಕೂತಿರುವ ಲೋಹದ ತಟ್ಟೆಗೆ, 1 ಮೆಗಾಓಮ್ ರೆಸಿಸ್ಟರ್ ಇದ್ದರೆ 90 ವೋಲ್ಟಿನ 21ನೇ ಒಂದು ಪಾಲು, ಅಂದರೆ 4 ವೋಲ್ಟಿಗೂ ತುಸು ಹೆಚ್ಚು, ಪಾಸಿಟಿವ್ ಆಗಿ ಗ್ರಿಡ್ ಮೇಲೆ ಬಂದು ಕೂರುತ್ತದೆ. 250 ವೋಲ್ಟಿನಲ್ಲಿ ಇಎಲ್84ಗೆ ಬೇಕಾದ ಬಯಾಸ್, ಅಂದರೆ ಅದರ ಕರೆಂಟನ್ನು ಹದದಲ್ಲಿಡುವ ಗ್ರಿಡ್ ವೋಲ್ಟೇಜ್, ಮೈನಸ್ 7.3 ವೋಲ್ಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಸೋರಿಕೆಯೇ ತಿಂದುಹಾಕುತ್ತದೆ. ಎಲೆಕ್ಟ್ರಾನ್ ಹೊರಡುವ ಕ್ಯಾಥೋಡಿನ ರೆಸಿಸ್ಟರ್ ಒಂದಿಷ್ಟು ಸರಿದೂಗಿಸುತ್ತದೆ, ಪೂರ್ತಿ ಅಲ್ಲ. 48 ಮಿಲಿಆಂಪ್ ಇರಬೇಕಾದ ಆನೋಡ್ ಕರೆಂಟ್ ಏರುತ್ತದೆ, 12 ವಾಟ್ ಮಿತಿಯ ಆನೋಡ್ ಅದಕ್ಕೂ ಹೆಚ್ಚು ಕಾಯುತ್ತದೆ. ಚಾಸಿ ಬಿಸಿಯಾದ ಹಾಗೆ ಕಂಡೆನ್ಸರ್ ಇನ್ನಷ್ಟು ಸೋರುತ್ತದೆ. ಮೊದಮೊದಲು ಚೆನ್ನಾಗಿದ್ದ ದನಿ ಆಮೇಲೆ ಒಡೆಯುವುದು ಹೀಗೆ.

ಇದನ್ನು ಖಚಿತ ಮಾಡಿಕೊಳ್ಳಲು ಸುಲಭದ ದಾರಿಯಿದೆ. ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನಷ್ಟೇ ಬಿಚ್ಚಿ, ಎಲ್ಲಿಗೂ ತಾಗದಂತೆ ಮೇಲೆ ನಿಲ್ಲಿಸಿ. ಸೆಟ್ ಹಾಕಿ ಬಿಸಿಯಾಗಲು ಬಿಟ್ಟು, ಬಿಚ್ಚಿದ ಕಾಲಿಗೂ ಚಾಸಿಗೂ ನಡುವೆ ಡಿಸಿ ವೋಲ್ಟೇಜ್ ನೋಡಿ. ಡಿಜಿಟಲ್ ಮೀಟರ್‌ಗಳು ಸಾಮಾನ್ಯವಾಗಿ 10 ಮೆಗಾಓಮ್ ಒಳರೋಧದವು, ಆದ್ದರಿಂದ 20 ಮೆಗಾಓಮ್ ಸೋರಿಕೆ ಇದ್ದರೆ ಬರೋಬ್ಬರಿ 30 ವೋಲ್ಟ್ ತೋರಿಸುತ್ತದೆ. ಹಾಕಿದ ಕೂಡಲೆ ಒಮ್ಮೆ ಏರಿ ಸೊನ್ನೆಯ ಹತ್ತಿರ ಇಳಿದರೆ ಕಂಡೆನ್ಸರ್ ಸರಿ. ಅರ್ಧ ವೋಲ್ಟಾದರೂ ಕದಲದೆ ನಿಂತರೆ ಅದನ್ನು ಬಿಸಾಡಿ. ನನ್ನನ್ನು ಕೇಳಿದರೆ ಪರೀಕ್ಷೆಯ ಗೋಜೂ ಬೇಡ. ಕಾಗದದ್ದು ಅಂತ ಗೊತ್ತಾದ ಮೇಲೆ ಆ ಜಾಗದಲ್ಲಿ ಅದು ಇರಲೇಕೂಡದು. 630 ವೋಲ್ಟಿನ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಕಿಬಿಡಿ.

ಇದೇ ಸಾಲಿನ ಇನ್ನೊಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಾಲ್ವ್ ಕಡೆಯ ಸುರುಳಿ) ಹತ್ತಿರ ಇರುತ್ತದೆ. ಅಳತೆ 2000ದಿಂದ 5000 ಪಿಕೊಫ್ಯಾರಡ್. ದನಿಯ ಏರಿಳಿತದಲ್ಲಿ ಆನೋಡಿನ ವೋಲ್ಟೇಜ್ 250ನ್ನೂ ದಾಟಿ ಎಷ್ಟೋ ಮೇಲೆ ಜಿಗಿಯುವುದರಿಂದ ಇದಕ್ಕೆ ಬೀಳುವ ಪೆಟ್ಟು ಜಾಸ್ತಿ. ಆನೋಡಿನಿಂದ ಚಾಸಿಗೆ ಹಾಕಿದ್ದು ಶಾರ್ಟ್ ಆದರೆ ಎಚ್‌ಟಿ (ವಾಲ್ವ್‌ಗಳಿಗೆ ಕೊಡುವ ಹೆಚ್ಚು ವೋಲ್ಟಿನ ಡಿಸಿ) ಪೂರ್ತಿ ಪ್ರೈಮರಿ ಸುರುಳಿಯ ಮೂಲಕ ಚಾಸಿಗೆ ಹರಿದು ಸುರುಳಿ ಸುಡುತ್ತದೆ. ಇಲ್ಲಿ 400 ವೋಲ್ಟಿನದು ಬೇಡ, ಕನಿಷ್ಠ 1000 ವೋಲ್ಟಿನದೇ ಹಾಕಿ.

ಮೂರನೆಯ ಜಾಗ ಕರೆಂಟ್ ಬರುವ ಕಡೆಯದು. ಮೇನ್ಸ್ ತಂತಿಯಿಂದ ಚಾಸಿಗೋ, ಎರಡು ತಂತಿಗಳ ನಡುವೆಯೋ ಒಂದು ಪೇಪರ್ ಕಂಡೆನ್ಸರ್ ಇದ್ದರೆ, ಇಡೀ ಸೆಟ್‌ನಲ್ಲಿ ಮನುಷ್ಯರಿಗೆ ಅಪಾಯ ತರುವುದು ಅದೇ. ಮೈಮೇಲೆ 400 ವೋಲ್ಟ್ ಅಂತ ಬರೆದ ಮಾಮೂಲಿ ಕಂಡೆನ್ಸರನ್ನು ಇಲ್ಲಿ ಹಾಕುವವರಿದ್ದಾರೆ. ಆ 400 ಡಿಸಿಗೆ ಹೇಳಿದ ಮಾತು. 230 ವೋಲ್ಟ್ ಎಸಿಯ ತುದಿಯೇ 325 ವೋಲ್ಟ್, ಮೇಲೆ ಸಿಡಿಲು, ಮೋಟರ್, ಟ್ರಾನ್ಸ್‌ಫಾರ್ಮರ್‌ಗಳ ಜಿಗಿತ ಬೇರೆ. ಎರಡು ತಂತಿಗಳ ನಡುವೆ ಎಕ್ಸ್2, ತಂತಿಯಿಂದ ಚಾಸಿಗೆ ವೈ2 ಎಂದು ಮುದ್ರಿಸಿದವನ್ನೇ ಹಾಕಬೇಕು. ವೈ ಜಾತಿಯವನ್ನು ಕೆಟ್ಟರೂ ಶಾರ್ಟ್ ಆಗದಂತೆ ತಯಾರಿಸಿರುತ್ತಾರೆ. ಅಳತೆ 4700 ಪಿಕೊಫ್ಯಾರಡ್ ಮೀರುವುದು ಬೇಡ. ಅಷ್ಟರಲ್ಲಿ 50 ಹರ್ಟ್ಸ್ ಮೇನ್ಸ್‌ನಿಂದ ಚಾಸಿಗೆ ಬರುವುದು ಸುಮಾರು 0.34 ಮಿಲಿಆಂಪ್. ಹಳಬರು ಹಾಕುತ್ತಿದ್ದ 0.01 ಮೈಕ್ರೊಫ್ಯಾರಡ್‌ನಲ್ಲಿ ಇದು ದುಪ್ಪಟ್ಟು. ಸೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ದೂರು ಬರುತ್ತಿದ್ದುದು ಅದಕ್ಕೇ. ತೆಗೆದು ಏನೂ ಹಾಕದೆ ಬಿಟ್ಟರೂ ರೇಡಿಯೋ ಹಾಡುತ್ತದೆ, ಕೆಲವು ಕಡೆ ಗದ್ದಲ ಸ್ವಲ್ಪ ಹೆಚ್ಚಬಹುದು ಅಷ್ಟೆ.

ನಿಮ್ಮದು ‘ಇ’ ಅಕ್ಷರದ ವಾಲ್ವ್‌ಗಳ ಸೆಟ್, ಟ್ರಾನ್ಸ್‌ಫಾರ್ಮರ್ ಇರುವಂಥದ್ದು. ಆದರೂ ಪ್ಲಗ್ ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದು, ರೇಡಿಯೋದ ಸ್ವಿಚ್ ಆನ್ ಇಟ್ಟು, ಪ್ಲಗ್ಗಿನ ಒಂದೊಂದು ಪಿನ್ನಿಗೂ ಚಾಸಿಗೂ ನಡುವೆ ಓಮ್ ರೇಂಜಿನಲ್ಲಿ ಮೀಟರ್ ಹಿಡಿಯಿರಿ. ಕೆಲವು ಸೆಟ್‌ಗಳಲ್ಲಿ ಆಟೋ ಟ್ರಾನ್ಸ್‌ಫಾರ್ಮರ್ ಇದ್ದು ಮೇನ್ಸ್‌ಗೂ ಚಾಸಿಗೂ ನೇರ ಸಂಪರ್ಕವಿರುತ್ತದೆ. ಇದನ್ನು ಓದುತ್ತಿರುವ ಬೇರೆ ಯಾರ ಮನೆಯಲ್ಲಾದರೂ ಯುಸಿಎಚ್81, ಯುಸಿಎಲ್82, ಯುವೈ85 ಹೀಗೆ ‘ಯು’ ಅಕ್ಷರದ ವಾಲ್ವ್‌ಗಳ ಎಸಿ-ಡಿಸಿ ಸೆಟ್ ಇದ್ದರೆ, ಅದರ ಚಾಸಿಯೇ ಮೇನ್ಸ್‌ನ ಒಂದು ತಂತಿ ಅಂತ ತಿಳಿಯಿರಿ. ನಾಬ್ ಕಿತ್ತ ಸ್ಪಿಂಡಲ್ ಮುಟ್ಟಿದರೂ ಶಾಕ್. ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕೆಲಸ ಮಾಡಬೇಡಿ. ಅದರ ಏರಿಯಲ್ ಸಾಕೆಟ್ಟಿಗೆ ಸರಣಿಯಲ್ಲಿರುವ ಪುಟ್ಟ ಕಂಡೆನ್ಸರ್ ನಿಮ್ಮ ಕೈಗೂ ಮೇನ್ಸ್‌ಗೂ ನಡುವಿನ ಏಕೈಕ ತಡೆ; ಅಲ್ಲಿಗೂ ವೈ ಜಾತಿಯದೇ ಬೇಕು.

ಇನ್ನು ಗುಂಯ್ ಸದ್ದಿಗೆ ಬರೋಣ. ಅಲ್ಯೂಮಿನಿಯಂ ಡಬ್ಬಿಯಂತೆ ಚಾಸಿಯ ಮೇಲೆ ನಿಂತಿರುವ 50+50 ಎಲೆಕ್ಟ್ರೊಲಿಟಿಕ್ (ಒಂದೇ ಡಬ್ಬಿಯಲ್ಲಿ 50 ಮೈಕ್ರೊಫ್ಯಾರಡ್‌ನ ಎರಡು ಕಂಡೆನ್ಸರ್) ಅದರ ಮೂಲ. ಒಳಗಿನ ದ್ರವ ಒಣಗಿ ಹಿಡಿಯುವ ಶಕ್ತಿ ಇಳಿದಿದೆ. ವರ್ಷಗಟ್ಟಲೆ ವೋಲ್ಟೇಜ್ ಕಾಣದೆ ಆಕ್ಸೈಡ್ ಪದರ ತೆಳುವಾಗಿ ಸೋರಿಕೆಯೂ ಹೆಚ್ಚಿದೆ. ಒಂದು ರೆಸಿಸ್ಟರ್ ಮೂಲಕ ಗಂಟೆಗಟ್ಟಲೆ ಮೆಲ್ಲಗೆ ವೋಲ್ಟೇಜ್ ಏರಿಸಿ ಆ ಪದರವನ್ನು ಮತ್ತೆ ಬೆಳೆಸುವ ಕ್ರಮವಿದೆ, ಕೆಲವೊಮ್ಮೆ ಫಲಿಸುತ್ತದೆ ಕೂಡ. ವಸ್ತುಸಂಗ್ರಹಾಲಯಕ್ಕೆ ಇಡುವ ಸೆಟ್ ಆದರೆ ಆ ತಾಳ್ಮೆಗೆ ಅರ್ಥವಿದೆ. ದಿನಾ ಕೇಳುವ ಆಸೆಯಿದ್ದರೆ ಹೊಸದು ಹಾಕಿ.

50ರ ಬದಲು ಈಗ 47 ಸಿಗುತ್ತದೆ, 32ರ ಬದಲು 33, 16ರ ಜಾಗಕ್ಕೆ 22, 8ರ ಜಾಗಕ್ಕೆ 10. ಈ ವ್ಯತ್ಯಾಸದಿಂದ ಏನೂ ಆಗದು. ಹಳೆಯ ಎಲೆಕ್ಟ್ರೊಲಿಟಿಕ್‌ಗಳು ಹೊಸದಿದ್ದಾಗಲೇ ಬರೆದ ಅಳತೆಗಿಂತ ಎಷ್ಟೋ ಆಚೀಚೆ ಇರುತ್ತಿದ್ದವು. ಆದರೆ ‘ಗುಂಯ್ ಪೂರ್ತಿ ಹೋಗಲಿ’ ಅಂತ 100, 220 ಮೈಕ್ರೊಫ್ಯಾರಡ್ ಹಾಕುವ ಬುದ್ಧಿ ಮಾತ್ರ ಬೇಡ. ಎಸಿಯನ್ನು ಡಿಸಿ ಮಾಡುವ ಇಝಡ್80 ರೆಕ್ಟಿಫೈಯರಿಗೆ ಮೊದಲ ಕಂಡೆನ್ಸರ್ 50 ಮೈಕ್ರೊಫ್ಯಾರಡ್ ಮೀರಬಾರದು ಅಂತ ತಯಾರಕರೇ ಹೇಳಿದ್ದಾರೆ. ದೊಡ್ಡದು ಹಾಕಿದಷ್ಟೂ ಒಂದೊಂದು ಅರ್ಧ ಆವರ್ತದಲ್ಲೂ ಕರೆಂಟ್ ಕಡಿಮೆ ಹೊತ್ತಿನಲ್ಲಿ ಜೋರಾಗಿ ನುಗ್ಗುತ್ತದೆ, ಕ್ಯಾಥೋಡ್ ಸವೆಯುತ್ತದೆ. ವೋಲ್ಟೇಜ್ ಅಂಶಕ್ಕೆ ಬಂದರೆ 450 ವೋಲ್ಟಿನದೇ ಕೊಳ್ಳಿ. ಮೇನ್ಸ್ ಟ್ರಾನ್ಸ್‌ಫಾರ್ಮರಿನ 250 ವೋಲ್ಟ್ ಸೆಕೆಂಡರಿಯ (ಹೊರಕೊಡುವ ಸುರುಳಿಯ) ತುದಿ 353 ವೋಲ್ಟ್. ಉಳಿದ ವಾಲ್ವ್‌ಗಳು ಇನ್ನೂ ಕಾಯದೆ ಲೋಡ್ ಇಲ್ಲದಿರುವಾಗ ಕಂಡೆನ್ಸರ್ ಅದರ ಹತ್ತಿರಕ್ಕೇ ಹೋಗುತ್ತದೆ. 105 ಡಿಗ್ರಿ ಅಂತ ಬರೆದದ್ದು ಸಿಕ್ಕರೆ ಒಳ್ಳೆಯದು, ವಾಲ್ವ್ ಸೆಟ್‌ನ ಒಳಗೆ ಬಿಸಿ ಜಾಸ್ತಿ.

ಹಳೆಯ ಡಬ್ಬಿಯನ್ನು ಕೀಳಬೇಕಿಲ್ಲ. ಇಲ್ಲಿ ಚಿಕ್ಕಪ್ಪನವರ ಮಾತು ನಡೆಯಲಿ. ಅದನ್ನು ಮೇಲೆ ನೋಟಕ್ಕೆ ಇರಲು ಬಿಟ್ಟು, ಕೆಳಗಿನ ತಂತಿಗಳನ್ನು ಬಿಡಿಸಿ, ಹೊಸ ಎರಡನ್ನು ಚಾಸಿಯ ಅಡಿಯಲ್ಲಿ ಟ್ಯಾಗ್ ಪಟ್ಟಿಗೆ ಬೆಸೆಯಿರಿ. ಹಳೆಯದನ್ನು ಬಿಡಿಸದೆ ಹೊಸದನ್ನು ಅದಕ್ಕೇ ಜೋಡಿಸಿದರೆ ಸೋರಿಕೆ ಹಾಗೇ ಉಳಿಯುತ್ತದೆ, ಒಂದು ದಿನ ಆ ಡಬ್ಬಿ ಕುದ್ದು ಸಿಡಿಯುತ್ತದೆ. ಬಿಡಿಸುವ ಮುಂಚೆ ಡಬ್ಬಿಯ ಬುಡ ನೋಡಿ. ಚಾಸಿಗೂ ಅದಕ್ಕೂ ನಡುವೆ ಫೈಬರ್ ವಾಷರ್ ಇದ್ದರೆ ಅದರ ನೆಗೆಟಿವ್ ಚಾಸಿಗೆ ಸೇರಿಲ್ಲ ಎಂದರ್ಥ. ಎಚ್‌ಟಿಯ ನೆಗೆಟಿವ್ ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ಟು ಅದರಿಂದ ಬಯಾಸ್ ಪಡೆಯುವ ಸೆಟ್‌ಗಳಲ್ಲಿ ಹೀಗಿರುತ್ತದೆ. ಹೊಸದರ ನೆಗೆಟಿವ್ ಕಾಲೂ ಹಳೆಯದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಚಾಸಿಯೇ ನೆಗೆಟಿವ್ ಅಂದುಕೊಂಡು ಅಲ್ಲಿಗೆ ಬೆಸೆದರೆ ಹೊಸ ಕಂಡೆನ್ಸರ್ ಹಾಕಿದ ಮೇಲೆ ಗುಂಯ್ ಇನ್ನೂ ಹೆಚ್ಚಾಯಿತು ಅನ್ನುವ ಪ್ರಸಂಗ ಬರುತ್ತದೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಸ್ಕ್ರೀನ್ ಗ್ರಿಡ್‌ಗಳಿಂದ (ವಾಲ್ವ್ ಒಳಗಿನ ಇನ್ನೊಂದು ಗ್ರಿಡ್) ಚಾಸಿಗೆ ಇರುವ 0.05, 0.1 ಪೇಪರ್ ಕಂಡೆನ್ಸರ್ ಶಾರ್ಟ್ ಆದರೆ ಸ್ಕ್ರೀನ್ ರೆಸಿಸ್ಟರ್ ಸುಡುತ್ತದೆ, ಬದಲಿಸಿ. ಸ್ಟೇಷನ್‌ಗಳ ದನಿಯನ್ನು ತಾನಾಗಿ ಸಮ ಮಾಡುವ ಎವಿಸಿ ಸಾಲಿನದು ಸೋರಿದರೆ ಏನೂ ಸುಡುವುದಿಲ್ಲ, ಹತ್ತಿರದ ಜೋರು ಸ್ಟೇಷನ್ ಮಾತ್ರ ಕರ್ಕಶವಾಗುತ್ತದೆ. ಹೇಗೂ ಒಳಗೆ ಕೈ ಹಾಕಿದ್ದೀರಲ್ಲ, ಅದನ್ನೂ ಬದಲಿಸಿ. ಇಎಲ್84ರ ಕ್ಯಾಥೋಡಿನ 25 ಅಥವಾ 50 ಮೈಕ್ರೊಫ್ಯಾರಡ್‌ನ ಸಣ್ಣ ಎಲೆಕ್ಟ್ರೊಲಿಟಿಕ್ ಒಣಗಿದ್ದರೆ ದನಿ ಕ್ಷೀಣವಾಗುತ್ತದೆ; ಪ್ಲಸ್ ಕಾಲು ಕ್ಯಾಥೋಡಿಗೆ. ಮೈಕಾ, ಸಿರಾಮಿಕ್, ಟ್ರಿಮ್ಮರ್ (ತಿರುಪಿನಿಂದ ಹೊಂದಿಸುವ ಪುಟ್ಟ ಕಂಡೆನ್ಸರ್), ಐಎಫ್ ಡಬ್ಬಿಗಳ (ಒಂದೇ ಫ್ರೀಕ್ವೆನ್ಸಿಗೆ ಹೊಂದಿಸಿದ ಸುರುಳಿಗಳಿರುವ ಡಬ್ಬಿ) ಒಳಗಿನವು, ಗ್ಯಾಂಗ್ (ಸ್ಟೇಷನ್ ಹುಡುಕಲು ತಿರುಗುವ ಕಂಡೆನ್ಸರ್) ಇವಕ್ಕೆ ಕೈ ಬೇಡ. ಐಎಫ್ ಡಬ್ಬಿಯ ತಿರುಪನ್ನು ‘ಒಂಚೂರು ತಿರುಗಿಸಿ ನೋಡೋಣ’ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಸಿಗ್ನಲ್ ಜನರೇಟರ್ ಇಲ್ಲದವರು ಆ ಆಸೆ ಬಿಡಬೇಕು. ಸಾಸಿವೆ ಬಣ್ಣದ, ಚಪ್ಪಟೆ ತುದಿಯ ಕಂಡೆನ್ಸರ್‌ಗಳು ಕಂಡರೆ ಅವು ಪಾಲಿಯೆಸ್ಟರ್‌ನವು, ಇಂದಿಗೂ ಗಟ್ಟಿಯಾಗಿರುತ್ತವೆ, ಬಿಡಿ. ಮೇಣ ಸುರಿದ, ಡಾಂಬರು ಮುಚ್ಚಿದ, ಕಪ್ಪು ಅಚ್ಚಿನ ಮೈ ಬಿರಿದ ಕೊಳವೆಗಳಷ್ಟೇ ನಿಮ್ಮ ಬೇಟೆ.

ಕೊಳ್ಳುವಾಗ ಬರಹದ ಲೆಕ್ಕ ಗೊತ್ತಿರಲಿ. ಹೊಸ ಫಿಲ್ಮ್ ಕಂಡೆನ್ಸರ್ ಮೇಲೆ 103 ಅಂತ ಇದ್ದರೆ 10ರ ಮುಂದೆ ಮೂರು ಸೊನ್ನೆ, 10,000 ಪಿಕೊಫ್ಯಾರಡ್, ಅಂದರೆ ನಿಮ್ಮ 0.01. 223 ಅಂದರೆ 0.022, 473 ಅಂದರೆ 0.047, ಇದು 0.05ರ ಜಾಗಕ್ಕೆ ಸರಿ. 104 ಅಂದರೆ 0.1. ಫಿಲಿಪ್ಸ್ ಸೆಟ್‌ನ ಹಳೆಯ ತುಂಡಿನ ಮೇಲೆ ಅಥವಾ ನಕ್ಷೆಯಲ್ಲಿ 10ಕೆ ಅಂತ ಇದ್ದರೆ ಅದೂ 10,000 ಪಿಕೊಫ್ಯಾರಡ್ಡೇ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್.ಪಿ. ರೋಡಿನಿಂದ ತರಿಸಿ. ‘ಹಳೆಯ ಸ್ಟಾಕ್, ಡಬ್ಬಿ ಒಡೆದಿಲ್ಲ’ ಅಂತ ಮಾರುವ ಪೇಪರ್ ಕಂಡೆನ್ಸರ್ ಮುಟ್ಟಬೇಡಿ. ಡಬ್ಬಿಯೊಳಗಿದ್ದರೂ ಕಾಗದಕ್ಕೆ ವಯಸ್ಸಾಗಿದೆ. ಕೆಟ್ಟ ಸಿಎಫ್‌ಎಲ್ ಬಲ್ಬಿನಿಂದ 400 ವೋಲ್ಟಿನ ಎಲೆಕ್ಟ್ರೊಲಿಟಿಕ್ ಕಿತ್ತು ಹಾಕುವವರಿದ್ದಾರೆ. ಅದು ಬಲ್ಬಿನ ಕಾವಿನಲ್ಲಿ ಬೆಂದು ಬಂದದ್ದು, ಬೇಡ. ವಾಲ್ವ್‌ಗಳನ್ನು ಮಾತ್ರ ಅನುಮಾನಿಸಿ ಎಸೆಯಬೇಡಿ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಿಂದ ರಿಸೀವಿಂಗ್ ವಾಲ್ವ್ ತಯಾರಿಸುತ್ತಿತ್ತು; ಅದರ ಹೆಸರಿರುವ ವಾಲ್ವ್ ನಿಮ್ಮ ಸೆಟ್‌ನಲ್ಲಿದ್ದರೂ ಇರಬಹುದು. ವಾಲ್ವ್ ಚೆನ್ನಾಗಿದ್ದು ಅದರ ಸುತ್ತಲಿನ ಕಾಗದ ಕೆಟ್ಟಿರುವುದೇ ಹೆಚ್ಚು.

ಕೆಲಸಕ್ಕೆ ಕೂರುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಬಿಚ್ಚಿ ಒಂದು ಹಾಕಿ. ಎಲ್ಲ ಕತ್ತರಿಸಿ ರಾಶಿ ಹಾಕಿದವರು ಆಮೇಲೆ ಫೋಟೋ ಹಿಡಿದು ತಂತಿ ಎಣಿಸುತ್ತಾ ಕೂರುತ್ತಾರೆ. ಪ್ಲಗ್ ಕಿತ್ತ ಮೇಲೂ ಎಚ್‌ಟಿ ಕಂಡೆನ್ಸರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವುದು ಶೋಕಿ. 10 ಕಿಲೋಓಮ್, 5 ವಾಟಿನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ತಂತಿ ಬೆಸೆದು ಹತ್ತು ಸೆಕೆಂಡ್ ಹಿಡಿಯಿರಿ, ಮೀಟರ್‌ನಲ್ಲಿ ಸೊನ್ನೆ ಬಂತೇ ನೋಡಿ, ಆಮೇಲೆ ಕೈ ಹಾಕಿ.

ಮತ್ತೆ ಕರೆಂಟ್ ಕೊಡುವಾಗ ನೇರವಾಗಿ ಬೇಡ. 60 ವಾಟಿನ ಹಳೆಯ ತಂತಿ ಬಲ್ಬನ್ನು ಮೇನ್ಸ್‌ಗೂ ಸೆಟ್‌ಗೂ ನಡುವೆ ಸರಣಿಯಲ್ಲಿ ಹಾಕಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಹಾಕಿದ ಕೂಡಲೆ ಬಲ್ಬು ಜೋರಾಗಿ ಬೆಳಗಿ ಮಂಕಾದರೆ ಸರಿ. ಪೂರ್ತಿ ಬೆಳಗಿಕೊಂಡೇ ನಿಂತರೆ ಎಲ್ಲೋ ಶಾರ್ಟ್ ಇದೆ, ಆರಿಸಿ ಹುಡುಕಿ. ಎಲ್ಲ ಸರಿ ಕಂಡ ಮೇಲೆ ಬಲ್ಬು ತೆಗೆದು ನೇರ ಕೊಡಿ. ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ 200 ಅಥವಾ 220ರಲ್ಲಿ ಇದ್ದರೆ ಅದರ ಮೇಲಿನ ಅಂಕಿಗೆ ತಿರುಗಿಸಿ. ಮೂರನೇ ಪಿನ್ನಿನಲ್ಲಿ, ಅಂದರೆ ಇಎಲ್84ರ ಕ್ಯಾಥೋಡಿನಲ್ಲಿ, ಸುಮಾರು 7 ವೋಲ್ಟ್, ಎರಡನೇ ಪಿನ್ನಿನಲ್ಲಿ ಸೊನ್ನೆ ಬರಬೇಕು. ನೆಗೆಟಿವ್ ದಾರಿಯಿಂದ ಬಯಾಸ್ ಪಡೆಯುವ ಸೆಟ್ ಆದರೆ ಕ್ಯಾಥೋಡ್ ಚಾಸಿಗೇ ಸೇರಿರುತ್ತದೆ, ಗ್ರಿಡ್‌ನಲ್ಲಿ ಮೈನಸ್ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿರದಿದ್ದರೆ ಒಡೆದ ದನಿಯ ರೋಗ ಹೋಯಿತು.

ಇಷ್ಟಾದ ಮೇಲೂ ಕೊರಕೊರ ಗದ್ದಲ ಉಳಿದರೆ ಕಂಡೆನ್ಸರನ್ನು ದೂರಬೇಡಿ. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಮುಳ್ಳು ನಿಲ್ಲಿಸಿ, ಹಳೆಯ ಡಯಲಿನಲ್ಲಿ ಅದು 490 ಮೀಟರ್. ಧಾರವಾಡ 765, ಅಂದರೆ 392 ಮೀಟರ್. ಆಮೇಲೆ ಮನೆಯ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸುತ್ತಾ ಬನ್ನಿ. ಯಾವುದು ಆರಿದಾಗ ಗದ್ದಲ ನಿಲ್ಲುತ್ತದೋ ಅದರಿಂದ ರೇಡಿಯೋವನ್ನು ದೂರ ಇಡಿ, ಏರಿಯಲ್ ತಂತಿಯನ್ನು ಮನೆಯ ವೈರಿಂಗ್‌ನಿಂದ ಆಚೆ, ಹೊರಗಿನ ಮರಕ್ಕೆ ಕಟ್ಟಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಆ ತಂತಿಯನ್ನು ಸೆಟ್‌ನಿಂದ ಕಿತ್ತಿಡಿ.